ಸೇನೆಯ ಚಿತ್ರಗಳಿಗೆ ಪ್ರಶಸ್ತಿ: ತೀರ್ಪುಗಾರರು ತೂಗುವುದು ಚಿತ್ರವನ್ನೋ, ಸಮವಸ್ತ್ರವನ್ನೋ?

ಪ್ರಶ್ನೆ ಕೇಳಿದವರು: ಚಾಮರಾಜಪೇಟೆ ಪ್ರೇಕ್ಷಕ

2025ರ ಆಗಸ್ಟ್ 1ರಂದು ಪ್ರಕಟವಾದ 71ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳ ಪಟ್ಟಿಯಲ್ಲಿ, ಫೀಲ್ಡ್ ಮಾರ್ಷಲ್ ಮಾಣೆಕ್‌ಷಾ ಅವರ ಬದುಕನ್ನು ಕುರಿತ ‘ಸ್ಯಾಮ್ ಬಹಾದುರ್’ ಚಿತ್ರದ ಹೆಸರು ಮೂರು ಕಡೆ ಇತ್ತು. ವಸ್ತ್ರವಿನ್ಯಾಸಕ್ಕೂ ಪ್ರಸಾಧನಕ್ಕೂ ಬಂದ ಪ್ರಶಸ್ತಿಗಳ ಬಗ್ಗೆ ನನ್ನದೇನೂ ತಕರಾರಿಲ್ಲ. ದಶಕದಿಂದ ದಶಕಕ್ಕೆ ಬದಲಾಗುವ ಸಮವಸ್ತ್ರಗಳನ್ನೂ ನಾಯಕನ ಮುಖದ ಮೇಲೆ ಏರುವ ವಯಸ್ಸನ್ನೂ ಆ ಚಿತ್ರದವರು ಶ್ರದ್ಧೆಯಿಂದ ತೋರಿಸಿದ್ದಾರೆ. ನನ್ನನ್ನು ಯೋಚನೆಗೆ ಹಚ್ಚಿದ್ದು ಮೂರನೆಯದು, ಅಂದರೆ ರಾಷ್ಟ್ರೀಯ, ಸಾಮಾಜಿಕ ಮತ್ತು ಪರಿಸರ ಮೌಲ್ಯಗಳನ್ನು ಎತ್ತಿಹಿಡಿಯುವ ಅತ್ಯುತ್ತಮ ಚಿತ್ರವೆಂಬ ಗೌರವ. (ಪರಿಸರಕ್ಕೂ ಮಾಣೆಕ್‌ಷಾ ಅವರಿಗೂ ಏನು ನಂಟು ಎಂದು ಮನೆಯಲ್ಲಿ ಕೇಳಿದರು; ನನ್ನ ಬಳಿ ಉತ್ತರವಿರಲಿಲ್ಲ.)

ಹಿಂದಿರುಗಿ ನೋಡಿದರೆ ಇಂಥ ಉದಾಹರಣೆಗಳು ಸಾಲಾಗಿ ಸಿಗುತ್ತವೆ. 1962ರ ಚೀನಾ ಯುದ್ಧವನ್ನು ಕುರಿತ ‘ಹಕೀಕತ್’ 1964ರ ಎರಡನೆಯ ಅತ್ಯುತ್ತಮ ಚಿತ್ರವೆನಿಸಿತು. 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ನಡೆದ ಲೋಂಗೇವಾಲಾ ಕದನದ ‘ಬಾರ್ಡರ್’ ಚಿತ್ರಕ್ಕೆ ರಾಷ್ಟ್ರೀಯ ಭಾವೈಕ್ಯಕ್ಕಾಗಿ ಇರುವ ನರ್ಗಿಸ್ ದತ್ ಪ್ರಶಸ್ತಿ ದೊರೆಯಿತು. ‘ಉರಿ’ಗೆ ನಿರ್ದೇಶನ ಮತ್ತು ನಟನೆ ಸೇರಿದಂತೆ ನಾಲ್ಕು ಪ್ರಶಸ್ತಿಗಳು ಬಂದವು, ಕಾರ್ಗಿಲ್ ವೀರ ವಿಕ್ರಮ್ ಬಾತ್ರಾ ಅವರ ಕಥೆಯಾದ ‘ಶೇರ್‌ಶಾ’ಗೆ ತೀರ್ಪುಗಾರರ ವಿಶೇಷ ಪ್ರಶಸ್ತಿ ಬಂತು.

ಈ ಚಿತ್ರಗಳು ಅಯೋಗ್ಯವೆಂದು ನಾನು ಹೇಳುತ್ತಿಲ್ಲ. ನನ್ನ ಪ್ರಶ್ನೆ ಬೇರೆ. ತೆರೆಯ ಮೇಲೆ ಸಮವಸ್ತ್ರವೂ ಹುತಾತ್ಮನ ಶವಪೆಟ್ಟಿಗೆಯ ಮೇಲೆ ಧ್ವಜವೂ ಕಾಣಿಸಿಕೊಂಡಾಗ, ಕೊಠಡಿಯಲ್ಲಿ ಕುಳಿತ ತೀರ್ಪುಗಾರನೊಬ್ಬ ಚಿತ್ರಕಥೆ ಸಡಿಲವಾಗಿದೆ ಎಂದು ನಿರ್ದಾಕ್ಷಿಣ್ಯವಾಗಿ ಹೇಳಬಲ್ಲನೇ? ಹೊರದೇಶಗಳಲ್ಲೂ ಹೀಗೆಯೇ ನಡೆಯುತ್ತದೆಯೇ? ಬಲ್ಲವರು ವಿವರವಾಗಿ ಬರೆದರೆ ಉಪಕಾರವಾಗುತ್ತದೆ. ದೇಶಭಕ್ತಿಯ ಪರ ವಿರೋಧದ ಜಗಳ ಬೇಡವೆಂಬುದು ನನ್ನ ವಿನಂತಿ.

ಉತ್ತರ: ಹಳೆಯ ಫಿಲ್ಮ್ ಸೊಸೈಟಿ ಸದಸ್ಯ

ಪ್ರೇಕ್ಷಕರೇ, ಪರಿಸರದ ಗೊಂದಲವನ್ನು ಮೊದಲು ಬಗೆಹರಿಸುತ್ತೇನೆ. ಭಾವೈಕ್ಯಕ್ಕೆ, ಸಾಮಾಜಿಕ ವಿಷಯಕ್ಕೆ, ಪರಿಸರ ಸಂರಕ್ಷಣೆಗೆ ಎಂದು ಹಿಂದೆ ಬೇರೆಬೇರೆಯಾಗಿದ್ದ ಪ್ರಶಸ್ತಿಗಳನ್ನು 70ನೇ ಆವೃತ್ತಿಯಿಂದ ಒಂದೇ ವಿಭಾಗಕ್ಕೆ ಸೇರಿಸಿದರು. ಆದ್ದರಿಂದ ಸೇನಾಪತಿಯ ಚಿತ್ರವೂ ಕೆರೆ ಉಳಿಸುವ ಚಿತ್ರವೂ ಈಗ ಒಂದೇ ಕುರ್ಚಿಗಾಗಿ ಪೈಪೋಟಿ ನಡೆಸಬೇಕು. ಇದು ಅಷ್ಟೇನೂ ಒಳ್ಳೆಯ ವ್ಯವಸ್ಥೆಯೆಂದು ನನಗೆ ಅನ್ನಿಸಿಲ್ಲ.

ಹೊರದೇಶದ ವಿಚಾರಕ್ಕೆ ಬಂದರೆ, ಆಸ್ಕರ್ ಇತಿಹಾಸವನ್ನು ಒಂದು ನಿರ್ದಿಷ್ಟ ಪ್ರಶ್ನೆಯಿಟ್ಟುಕೊಂಡು ಓದಿದರೆ ಹೆಚ್ಚು ತಿಳಿಯುತ್ತದೆ. ಚಿತ್ರ ತಯಾರಾಗುವಾಗ ಸೇನೆ ಅದಕ್ಕೆ ವಿಮಾನ, ಟ್ಯಾಂಕ್, ಸಿಪಾಯಿಗಳನ್ನು ಕೊಟ್ಟಿತ್ತೇ, ಇಲ್ಲವೇ ಎಂಬುದೇ ಆ ಪ್ರಶ್ನೆ. 1929ರಲ್ಲಿ ನಡೆದ ಮೊಟ್ಟಮೊದಲ ಸಮಾರಂಭದಲ್ಲಿ ಅತ್ಯುತ್ತಮ ಚಿತ್ರವೆನಿಸಿದ ‘ವಿಂಗ್ಸ್’ ಮೊದಲ ಮಹಾಯುದ್ಧದ ಪೈಲಟ್‌ಗಳ ಕಥೆ. ಅದರ ನಿರ್ದೇಶಕ ವಿಲಿಯಂ ವೆಲ್‌ಮನ್ ಆ ಯುದ್ಧದಲ್ಲಿ ವಿಮಾನ ಹಾರಿಸಿದ್ದವರು, ಮತ್ತು ಅಮೆರಿಕದ ಸೇನೆ ಚಿತ್ರಕ್ಕೆ ಧಾರಾಳವಾಗಿ ನೆರವಾಗಿತ್ತು. ಸೇನೆಯ ನೆರವೂ ಅತ್ಯುನ್ನತ ಪ್ರಶಸ್ತಿಯೂ ಆ ಕಾಲದಲ್ಲಿ ಒಟ್ಟಿಗೇ ನಡೆದವು ಎಂಬುದಕ್ಕೆ 1953ರ ‘ಫ್ರಮ್ ಹಿಯರ್ ಟು ಇಟರ್ನಿಟಿ’ ಇನ್ನೂ ಸ್ಪಷ್ಟವಾದ ನಿದರ್ಶನ. ಆ ಚಿತ್ರಕ್ಕೆ ಎಂಟು ಆಸ್ಕರ್‌ಗಳು ಬಂದವು. ಅದು ಆಧರಿಸಿದ ಕಾದಂಬರಿಯಲ್ಲಿ, ಬಾಕ್ಸಿಂಗ್ ಆಡಲು ಒಪ್ಪದ ಸೈನಿಕನನ್ನು ಪೀಡಿಸುವ ಕ್ಯಾಪ್ಟನ್ ಕೊನೆಗೆ ಮೇಜರ್ ಹುದ್ದೆಗೆ ಬಡ್ತಿ ಪಡೆಯುತ್ತಾನೆ. ಚಿತ್ರದಲ್ಲಾದರೋ ಅವನ ಕೃತ್ಯ ಮೇಲಧಿಕಾರಿಗಳಿಗೆ ತಿಳಿದು, ಅವನು ರಾಜೀನಾಮೆ ಕೊಟ್ಟು ಹೋಗಬೇಕಾಗುತ್ತದೆ. ಹವಾಯಿಯ ನಿಜವಾದ ಸೇನಾ ವಸತಿಯಲ್ಲಿ ಚಿತ್ರೀಕರಣ ನಡೆಸಲು ಸೇನೆಯ ಒಪ್ಪಿಗೆ ಬೇಕಿತ್ತು, ಆ ಒಪ್ಪಿಗೆಗೆ ಕಥೆಯಲ್ಲಿ ಇಂಥ ತಿದ್ದುಪಡಿಗಳು ಬೇಕಿದ್ದವು. ತಪ್ಪು ಮಾಡಿದ್ದು ಒಬ್ಬ ವ್ಯಕ್ತಿ, ವ್ಯವಸ್ಥೆ ಮಾತ್ರ ಸರಿಯಾಗಿದೆ ಎಂಬ ಅರ್ಥ ಈ ಒಂದೇ ಬದಲಾವಣೆಯಿಂದ ಚಿತ್ರಕ್ಕೆ ಬಂದುಬಿಟ್ಟಿತು. ಪ್ರಶಸ್ತಿಗೆ ಮತ ಹಾಕಿದವರು ನೋಡಿದ್ದು ತಿದ್ದಿದ ಈ ಪ್ರತಿಯನ್ನೇ.

ವಿಯೆಟ್ನಾಂ ಯುದ್ಧದ ನಂತರ ಈ ಎರಡು ದಾರಿಗಳು ಬೇರೆಯಾದವು. 1968ರಲ್ಲಿ ನಟ ಜಾನ್ ವೇಯ್ನ್ ಅಮೆರಿಕದ ಸೇನಾ ಕೇಂದ್ರ ಕಚೇರಿಯಾದ ಪೆಂಟಗನ್‌ನ ಪೂರ್ಣ ಸಹಕಾರದಿಂದ ‘ದಿ ಗ್ರೀನ್ ಬೆರೆಟ್ಸ್’ ಮಾಡಿದರು; ಅದಕ್ಕೆ ಆಸ್ಕರ್ ಸಿಗಲಿಲ್ಲ. ಹನ್ನೊಂದು ವರ್ಷಗಳ ಬಳಿಕ, 1979ರ ಏಪ್ರಿಲಿನಲ್ಲಿ, ಕ್ಯಾನ್ಸರಿನಿಂದ ಕೃಶರಾಗಿದ್ದ ಅದೇ ವೇಯ್ನ್ ವೇದಿಕೆಗೆ ಬಂದು, ಅದೇ ಯುದ್ಧ ಮೂವರು ಕಾರ್ಮಿಕ ಗೆಳೆಯರನ್ನು ಹೇಗೆ ಮುರಿದುಹಾಕಿತೆಂದು ಹೇಳುವ ‘ದಿ ಡೀರ್ ಹಂಟರ್’ಗೆ ಅತ್ಯುತ್ತಮ ಚಿತ್ರದ ಪ್ರಶಸ್ತಿಯನ್ನು ಘೋಷಿಸಿದರು. ಗಾಲಿಕುರ್ಚಿಯ ಮಾಜಿ ಸೈನಿಕನ ಕಥೆಯಾದ ‘ಕಮಿಂಗ್ ಹೋಮ್’ ಆ ರಾತ್ರಿ ನಟ, ನಟಿ ಇಬ್ಬರಿಗೂ ಪ್ರಶಸ್ತಿ ತಂದುಕೊಟ್ಟಿತು. ಹಾಗೆಂದು ಎಲ್ಲರೂ ಮೆಚ್ಚಿದರೆಂದಲ್ಲ. ‘ದಿ ಡೀರ್ ಹಂಟರ್’ ಚಿತ್ರವು ವಿಯೆಟ್ನಾಮಿನ ಜನರನ್ನು ಕ್ರೂರಿಗಳಾಗಿ ತೋರಿಸಿದೆ, ಸೆರೆಯಾಳುಗಳಿಂದ ರಿವಾಲ್ವರ್ ಜೂಜು (ಒಂದೇ ಗುಂಡು ತುಂಬಿದ ರಿವಾಲ್ವರನ್ನು ತಲೆಗಿಟ್ಟು ಸರದಿಯಂತೆ ಒತ್ತುವ ಆಟ) ಆಡಿಸಿದ್ದಕ್ಕೆ ಆಧಾರವೇ ಇಲ್ಲ ಎಂದು ಸಭಾಂಗಣದ ಹೊರಗೆ ಪ್ರತಿಭಟನೆ ನಡೆಯುತ್ತಿತ್ತು. ಅದೇ ವರ್ಷದ ಬರ್ಲಿನ್ ಚಿತ್ರೋತ್ಸವದಿಂದ ಸೋವಿಯತ್ ನಿಯೋಗ ಇದೇ ಚಿತ್ರದ ಕಾರಣಕ್ಕೆ ಹೊರನಡೆದಿತ್ತು.

ಮುಂದಿನದು ಇನ್ನೂ ಕುತೂಹಲಕಾರಿಯಾಗಿದೆ. ಸ್ವತಃ ವಿಯೆಟ್ನಾಮಿನಲ್ಲಿ ಹೋರಾಡಿ ಬಂದ ಆಲಿವರ್ ಸ್ಟೋನ್ ಅವರ ‘ಪ್ಲಟೂನ್’ಗೆ ಪೆಂಟಗನ್ ನೆರವು ನಿರಾಕರಿಸಿತು, ಚಿತ್ರೀಕರಣ ಫಿಲಿಪ್ಪೀನ್ಸ್‌ನಲ್ಲಿ ನಡೆಯಿತು, ಕೊನೆಗೆ ಅತ್ಯುತ್ತಮ ಚಿತ್ರವೆನಿಸಿತು. ಅದೇ 1986ರಲ್ಲಿ ನೌಕಾಪಡೆ ತನ್ನ ವಿಮಾನವಾಹಕ ಹಡಗನ್ನೇ ಬಿಟ್ಟುಕೊಟ್ಟಿದ್ದ ‘ಟಾಪ್ ಗನ್’ಗೆ ದೊರೆತದ್ದು ಹಾಡಿನ ಪ್ರಶಸ್ತಿ ಮಾತ್ರ. ಸೇನೆಯ ಹೆಲಿಕಾಪ್ಟರುಗಳನ್ನು ಬಳಸಿದ ‘ಬ್ಲ್ಯಾಕ್ ಹಾಕ್ ಡೌನ್’ಗೆ ಸಂಕಲನ ಮತ್ತು ಧ್ವನಿಗೆ, ‘ಟಾಪ್ ಗನ್: ಮ್ಯಾವೆರಿಕ್’ಗೆ ಮತ್ತೆ ಧ್ವನಿಗೆ. ಜೋರ್ಡಾನ್‌ನಲ್ಲಿ ಚಿತ್ರೀಕರಿಸಿದ, ಪೆಂಟಗನ್ ನೆರವಿಲ್ಲದೆ ಮುಗಿಸಿದ ‘ದಿ ಹರ್ಟ್ ಲಾಕರ್’ 2010ರಲ್ಲಿ ಆರು ಪ್ರಶಸ್ತಿಗಳನ್ನು ಗೆದ್ದಿತು. ಕ್ಯಾಥ್ರಿನ್ ಬಿಗೆಲೋ ಅತ್ಯುತ್ತಮ ನಿರ್ದೇಶಕಿಯೆನಿಸಿದ ಮೊದಲ ಮಹಿಳೆಯಾದರು. ಬಾಂಬ್ ನಿಷ್ಕ್ರಿಯಗೊಳಿಸುವ ಕೆಲಸ ಮಾಡಿದ್ದ ಸೈನಿಕರೇ ಆ ಚಿತ್ರದಲ್ಲಿ ನಾಯಕನು ಒಬ್ಬಂಟಿಯಾಗಿ ನಡೆಸುವ ಸಾಹಸಗಳನ್ನು ನೋಡಿ ನಕ್ಕಿದ್ದಾರೆ. 2004ರ ಬಾಗ್ದಾದಿನ ಕಥೆಯಲ್ಲಿ ಸೈನಿಕರಿಗೆ ಆಮೇಲಷ್ಟೇ ಬಂದ ಸಮವಸ್ತ್ರ ತೊಡಿಸಿದ್ದನ್ನೂ ಅವರು ಎತ್ತಿ ತೋರಿಸಿದರು. ಮತದಾರರಿಗೆ ಅದು ಅಡ್ಡಿಯಾಗಲಿಲ್ಲ.

ಆದ್ದರಿಂದ ನಿಮ್ಮ ಎರಡನೆಯ ಪ್ರಶ್ನೆಗೆ ನನ್ನ ಉತ್ತರವೆಂದರೆ, ಅಲ್ಲಿಯೂ ಸಮವಸ್ತ್ರಕ್ಕೆ ತೂಕವಿದೆ, ಆದರೆ ಕಳೆದ ಐವತ್ತು ವರ್ಷಗಳಲ್ಲಿ ದೊಡ್ಡ ಪ್ರಶಸ್ತಿ ಗಾಯಗೊಂಡ ಸೈನಿಕನ ಕಡೆಗೂ, ಧ್ವನಿ, ಸಂಕಲನದಂಥ ತಾಂತ್ರಿಕ ಪ್ರಶಸ್ತಿ ಯುದ್ಧ ಗೆಲ್ಲುವ ಸೈನಿಕನ ಕಡೆಗೂ ಹೋಗಿದೆ. ಗಾಯಗೊಂಡ ಸೈನಿಕನೆಂದಾಗ ಹೆರಾಲ್ಡ್ ರಸೆಲ್ ಅವರನ್ನು ಬಿಡುವಂತಿಲ್ಲ. ಸೇನಾ ತರಬೇತಿಯ ವೇಳೆ ಸ್ಫೋಟಕ ಸಿಡಿದು ಎರಡೂ ಕೈಗಳನ್ನು ಕಳೆದುಕೊಂಡಿದ್ದ ಅವರು, 1946ರ ‘ದಿ ಬೆಸ್ಟ್ ಇಯರ್ಸ್ ಆಫ್ ಅವರ್ ಲೈವ್ಸ್’ ಚಿತ್ರದಲ್ಲಿ ಕೈಗಳ ಬದಲಿಗಿದ್ದ ಉಕ್ಕಿನ ಕೊಕ್ಕೆಗಳಿಂದಲೇ ಬೆಂಕಿಕಡ್ಡಿ ಗೀರಿ ತೋರಿಸಿದರು. ವೃತ್ತಿಪರ ನಟನಲ್ಲದ ಇವರಿಗೆ ಪೋಷಕ ನಟನ ಪ್ರಶಸ್ತಿ ಬರಲಾರದೆಂದು ಭಾವಿಸಿ ಆಸ್ಕರ್ ಕೊಡುವ ಅಕಾಡೆಮಿಯವರು ಮೊದಲೇ ಒಂದು ಗೌರವ ಪ್ರಶಸ್ತಿಯನ್ನು ತೀರ್ಮಾನಿಸಿದ್ದರು. ಆಮೇಲೆ ಸ್ಪರ್ಧೆಯಲ್ಲೂ ಅವರೇ ಗೆದ್ದರು. ಒಂದೇ ಪಾತ್ರಕ್ಕೆ ಎರಡು ಆಸ್ಕರ್ ಪಡೆದವರು ಅವರೊಬ್ಬರೇ.

ಉತ್ತರ: ಕೊಡಗಿನ ನಿವೃತ್ತ ಸುಬೇದಾರ

ನಾನು ಭೂಸೇನೆಯಲ್ಲಿ ದುಡಿದು ಬಂದವನು, ಸಿನಿಮಾ ಪಂಡಿತನಲ್ಲ. ಇಲ್ಲಿ ಯಾರೂ ಹೇಳದಿರುವ ಎರಡು ಮೂರು ಸಂಗತಿಗಳನ್ನಷ್ಟೇ ಬರೆಯುತ್ತೇನೆ.

ನಾವು ನಿವೃತ್ತರು ಒಟ್ಟಿಗೆ ಕುಳಿತು ಇಂಥ ಚಿತ್ರ ನೋಡುವಾಗ ಮೊದಲು ಕಣ್ಣಿಗೆ ಬೀಳುವುದು ಕೈ. ಭೂಸೇನೆಯ ಸೆಲ್ಯೂಟಿನಲ್ಲಿ ಅಂಗೈ ಎದುರಿಗಿರುವವರಿಗೆ ಪೂರ್ತಿ ಕಾಣಬೇಕು, ನೌಕಾಪಡೆಯಲ್ಲಿ ಅದು ನೆಲದ ಕಡೆಗೆ ಬಾಗಿರುತ್ತದೆ. ವಾಯುಪಡೆಯವರು 2006ರವರೆಗೆ ನಮ್ಮಂತೆಯೇ ಸೆಲ್ಯೂಟ್ ಮಾಡುತ್ತಿದ್ದು, ಅನಂತರ ಅಂಗೈಯನ್ನು ನೆಲಕ್ಕೆ 45 ಡಿಗ್ರಿ ಓರೆಯಾಗಿಸಿದರು. ಆದಕಾರಣ 1965ರ ಕಥೆಯಲ್ಲಿ ಪೈಲಟ್ ಓರೆ ಕೈಯಲ್ಲಿ ಸೆಲ್ಯೂಟ್ ಹೊಡೆದರೆ ನಮಗೆ ಅಲ್ಲಿಗೇ ಕಥೆ ಕೆಟ್ಟುಹೋಗುತ್ತದೆ. ತಲೆಯ ಮೇಲೆ ಟೋಪಿಯಿಲ್ಲದಿದ್ದರೆ ಸೆಲ್ಯೂಟ್ ಮಾಡುವುದಿಲ್ಲ, ಸಾವಧಾನದಲ್ಲಿ ನಿಲ್ಲುತ್ತೇವೆ. ಚಿತ್ರಗಳಲ್ಲಿ ಬರಿತಲೆಯ ಸೆಲ್ಯೂಟುಗಳಿಗೆ ಬರವಿಲ್ಲ. ಹಾಗೆಯೇ ಒಬ್ಬ ಯುವ ಕ್ಯಾಪ್ಟನ್ ತನಗಿಂತ ಇಪ್ಪತ್ತು ವರ್ಷ ಹಿರಿಯನಾದ ಸುಬೇದಾರನನ್ನು ಹೆಸರು ಹಿಡಿದು ಗದರಿಸುವುದು ತೆರೆಯ ಮೇಲೆ ಮಾತ್ರ ಸಾಧ್ಯ; ಪಲ್ಟನ್ನಿನಲ್ಲಿ ಅಧಿಕಾರಿಗಳೂ ನಮ್ಮನ್ನು ‘ಸಾಬ್’ ಎಂದೇ ಕರೆಯುತ್ತಿದ್ದರು.

ಇವೆಲ್ಲ ಸಣ್ಣ ತಪ್ಪುಗಳು, ಕ್ಷಮಿಸಬಹುದು. ನನಗೆ ನೋವಾಗುವುದು ಬೇರೆಯದಕ್ಕೆ. ‘ಬಾರ್ಡರ್’ ಚಿತ್ರದಲ್ಲಿ ಗಡಿ ಭದ್ರತಾ ಪಡೆಯ ಭೈರೋನ್ ಸಿಂಗ್ ಶತ್ರುವಿನ ಟ್ಯಾಂಕಿನೊಂದಿಗೆ ತಾನೂ ಸಾಯುತ್ತಾನೆ. ನಿಜವಾದ ಭೈರೋನ್ ಸಿಂಗ್ ರಾಥೋಡ್ ಅವರು ಸೇನಾ ಪದಕ ಪಡೆದು ಊರಿಗೆ ಮರಳಿ, 2022ರ ಡಿಸೆಂಬರಿನವರೆಗೆ ಬದುಕಿದ್ದರು. ಕಾಲು ಶತಮಾನ ಕಾಲ ತಮ್ಮದೇ ಸಾವನ್ನು ದೂರದರ್ಶನದಲ್ಲಿ ನೋಡಬೇಕಾದ ಪರಿಸ್ಥಿತಿ ಅವರದು. ಲೋಂಗೇವಾಲಾದಲ್ಲಿ ಆ ರಾತ್ರಿ ಮೇಜರ್ ಚಾಂದ್‌ಪುರಿ ಅವರ ತುಕಡಿ ಅಳುಕದೆ ನಿಂತದ್ದು ಅಪ್ಪಟ ಸತ್ಯ. ಬೆಳಕು ಹರಿದ ಮೇಲೆ ಜೈಸಲ್ಮೇರಿನಿಂದ ಬಂದ ಹಂಟರ್ ವಿಮಾನಗಳು ಟ್ಯಾಂಕುಗಳನ್ನು ಒಂದೊಂದಾಗಿ ಸುಟ್ಟದ್ದೂ ಸತ್ಯ. ನಮ್ಮ ಕಡೆ ಮಡಿದವರ ಸಂಖ್ಯೆ ಚಿತ್ರ ತೋರಿಸುವುದಕ್ಕಿಂತ ಎಷ್ಟೋ ಕಡಿಮೆ. ಕಡಿಮೆ ಜನ ಸತ್ತರೆ ಪರಾಕ್ರಮ ಕಡಿಮೆಯಾಗುತ್ತದೆಯೇ? ಕಡಿಮೆ ಪ್ರಾಣ ಕಳೆದುಕೊಂಡು ಗೆಲ್ಲುವವನೇ ಒಳ್ಳೆಯ ನಾಯಕನೆಂದು ನಮಗೆ ಕಲಿಸಿದ್ದರು, ಆದರೆ ಸಿನಿಮಾಕ್ಕೂ ಪ್ರಶಸ್ತಿಗೂ ಹೆಣಗಳು ಬೇಕು.

ಇನ್ನೊಂದು ನಮ್ಮ ಜಿಲ್ಲೆಯ ಮಾತು. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರು 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೋದವರು. ಅವರ ಮಿಸ್ಟೀರ್ ವಿಮಾನಕ್ಕಿಂತ ಎಷ್ಟೋ ವೇಗವಾದ ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನ ಬೆನ್ನಟ್ಟಿ ಬಂದಾಗ, ಪೆಟ್ಟು ತಿಂದ ಮೇಲೂ ತಿರುಗಿ ಹೋರಾಡಿ ಅದನ್ನು ಕೆಡವಿದರು, ತಾವೂ ಮರಳಲಿಲ್ಲ. ಇಲ್ಲಿ ಅವರು ಕಾಣೆಯಾದವರ ಪಟ್ಟಿಯಲ್ಲಿದ್ದರು. ಪಾಕಿಸ್ತಾನದ ಕಡೆಯ ವಿವರಗಳನ್ನು ಆಧರಿಸಿ ಬ್ರಿಟಿಷ್ ಲೇಖಕರೊಬ್ಬರು ಬರೆದ ಪುಸ್ತಕ ಬಂದ ಬಳಿಕವೇ ನಿಜ ಹೊರಬಿದ್ದದ್ದು. ಮಹಾವೀರ ಚಕ್ರ ಬಂದದ್ದು 1988ರಲ್ಲಿ, ಇಪ್ಪತ್ತಮೂರು ವರ್ಷಗಳ ನಂತರ. 2025ರ ಜನವರಿಯಲ್ಲಿ ಇದೇ ಘಟನೆಯನ್ನು ಆಧರಿಸಿ ‘ಸ್ಕೈ ಫೋರ್ಸ್’ ಎಂಬ ಹಿಂದಿ ಚಿತ್ರ ಬಂದಾಗ ಕೊಡಗಿನವರು ಎಷ್ಟು ಆಸೆಯಿಂದ ಹೋಗಿರಬೇಕೆಂದು ನೀವೇ ಊಹಿಸಿಕೊಳ್ಳಿ. ಚಿತ್ರದಲ್ಲಿ ಪಾತ್ರದ ಹೆಸರು ಟಿ. ಕೃಷ್ಣ ವಿಜಯ. ಅಜ್ಜಮಾಡ ಎಂಬ ಮನೆತನದ ಹೆಸರು ಆ ಪಾತ್ರಕ್ಕಿಲ್ಲ. ನಮ್ಮಲ್ಲಿ ಒಬ್ಬನ ಗುರುತು ಅವನ ಐನ್‌ಮನೆಯಿಂದ, ಅಂದರೆ ಮನೆತನದ ಮೂಲ ಮನೆಯಿಂದ ಶುರುವಾಗುತ್ತದೆ. ಅದನ್ನು ತೆಗೆದಮೇಲೆ ಉಳಿಯುವ ಪೈಲಟ್ ಯಾರು ಬೇಕಾದರೂ ಆಗಬಹುದು.

ಕನ್ನಡದಲ್ಲಿ ಇದಕ್ಕೆ ಎದುರಾಗಿ ಇಡಬಹುದಾದದ್ದು ರಾಜೇಂದ್ರಸಿಂಗ್ ಬಾಬು ಅವರ ‘ಮುತ್ತಿನ ಹಾರ’. 1990ರ ಅತ್ಯುತ್ತಮ ಕನ್ನಡ ಚಿತ್ರವೆಂದು ಅದಕ್ಕೆ ರಾಷ್ಟ್ರಪ್ರಶಸ್ತಿ ಬಂತು. ವಿಷ್ಣುವರ್ಧನ್ ಅವರ ಅಚ್ಚಪ್ಪ ಕೊಡಗಿನವನಾಗಿಯೇ ಇದ್ದಾನೆ, ಸುಹಾಸಿನಿ ಅವರ ಅನ್ನಪೂರ್ಣ ಗಾಯಾಳುಗಳನ್ನು ನೋಡಿಕೊಳ್ಳುವ ದಾದಿ, ಮತ್ತು ಯುದ್ಧವು ಗಂಡ ಹೆಂಡಿರ ನಡುವೆ ಏನು ಮಾಡುತ್ತದೆಂಬುದೇ ಅಲ್ಲಿಯ ಕಥೆ. ಶತ್ರುವನ್ನು ಬೈಯುವ ಸಂಭಾಷಣೆಗೆ ಬಿದ್ದ ಚಪ್ಪಾಳೆ ನನಗೆ ನೆನಪಿಲ್ಲ. ನನ್ನ ಹೆಂಡತಿ ಅತ್ತದ್ದು ನೆನಪಿದೆ. ಸೈನಿಕನ ಮನೆಯವರು ಒಪ್ಪುವ ಚಿತ್ರಕ್ಕೆ ಸರ್ಕಾರದ ಪ್ರಶಸ್ತಿಯೂ ಬರಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ನನಗೆ ಬೇಕಿಲ್ಲ.

ಉತ್ತರ: ಕಾನೂನು ಓದುತ್ತಿರುವವಳು

ಹಿರಿಯರಿಬ್ಬರ ಮಾತುಗಳಿಗೆ ಒಂದು ಎಳೆಯನ್ನು ಸೇರಿಸಬೇಕೆನಿಸಿತು. ತೀರ್ಪುಗಾರರ ಮುಲಾಜಿನ ಬಗ್ಗೆ ನಾವು ಮಾತನಾಡುತ್ತಿದ್ದೇವೆ, ಆದರೆ ಆಯ್ಕೆ ನಡೆಯುವುದು ಅವರ ಕೊಠಡಿಗಿಂತ ಬಹಳ ಮುಂಚೆ.

2020ರ ಜುಲೈನಲ್ಲಿ ರಕ್ಷಣಾ ಸಚಿವಾಲಯವು ಸೆನ್ಸಾರ್ ಮಂಡಳಿಗೆ ಪತ್ರ ಬರೆದು, ಸೇನೆಯ ವಸ್ತುವಿರುವ ಚಿತ್ರ ಮತ್ತು ವೆಬ್ ಸರಣಿಗಳನ್ನು ಪ್ರದರ್ಶಿಸುವ ಮೊದಲು ತನ್ನಿಂದ ನಿರಾಕ್ಷೇಪಣಾ ಪತ್ರ ಪಡೆಯುವಂತೆ ನಿರ್ಮಾಪಕರಿಗೆ ತಿಳಿಸಬೇಕೆಂದು ಕೋರಿತು. ಮರುತಿಂಗಳೇ, ಕಾರ್ಗಿಲ್ ಕಾಲದ ಮಹಿಳಾ ಹೆಲಿಕಾಪ್ಟರ್ ಪೈಲಟ್ ಒಬ್ಬರನ್ನು ಕುರಿತ ‘ಗುಂಜನ್ ಸಕ್ಸೇನಾ’ ಚಿತ್ರವು ತನ್ನನ್ನು ಅನುಚಿತವಾಗಿ ಕೆಟ್ಟದಾಗಿ ತೋರಿಸಿದೆ ಎಂದು ವಾಯುಪಡೆ ಲಿಖಿತವಾಗಿ ಆಕ್ಷೇಪಿಸಿತು. 2022ರ ಜನವರಿಯಲ್ಲಿ, ಹಿಂದೆ ‘ಐ ಆ್ಯಮ್’ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದಿದ್ದ ಓನಿರ್ ಅವರ ಹೊಸ ಚಿತ್ರಕಥೆಯೊಂದಕ್ಕೆ ಸಚಿವಾಲಯ ಅನುಮತಿ ನಿರಾಕರಿಸಿತು. ಅದರಲ್ಲಿ ಒಬ್ಬ ಸಲಿಂಗಕಾಮಿ ಮೇಜರ್ ಪಾತ್ರವಿತ್ತು. ತಯಾರಾಗದ ಚಿತ್ರಕ್ಕೆ ಯಾವ ತೀರ್ಪುಗಾರನೂ ಪ್ರಶಸ್ತಿ ಕೊಡಲಾರ, ನಿರಾಕರಿಸಲೂ ಆರ.

ಮತ್ತೊಂದು ವ್ಯತ್ಯಾಸವನ್ನೂ ಗಮನಿಸಬೇಕು. ಆಸ್ಕರ್‌ಗೆ ಮತ ಹಾಕುವವರು ಚಿತ್ರರಂಗದವರು, ಪೆಂಟಗನ್ನಿಗೆ ಅಲ್ಲಿ ಪಾತ್ರವಿಲ್ಲ. ನಮ್ಮ ರಾಷ್ಟ್ರಪ್ರಶಸ್ತಿಗಳ ಸಮಿತಿಯನ್ನು ನೇಮಿಸುವುದು ವಾರ್ತಾ ಮತ್ತು ಪ್ರಸಾರ ಸಚಿವಾಲಯ; ಅನುಮತಿ ಕೊಡುವುದು ರಕ್ಷಣಾ ಸಚಿವಾಲಯ. ಎರಡೂ ಒಂದೇ ಸರ್ಕಾರದ ಅಂಗಗಳು. ಹಾಗಿದ್ದರೂ ಎಲ್ಲವೂ ಮೊದಲೇ ನಿಶ್ಚಯವಾಗಿರುತ್ತದೆ ಎನ್ನಲಾಗದು. ಕಾಶ್ಮೀರದಲ್ಲಿ ಸೇನೆಯ ನಡವಳಿಕೆಯನ್ನು ನೇರವಾಗಿ ಪ್ರಶ್ನಿಸಿದ ‘ಹೈದರ್’ಗೆ 2014ರ ಸಾಲಿನಲ್ಲಿ ಐದು ರಾಷ್ಟ್ರಪ್ರಶಸ್ತಿಗಳು ಬಂದವು. ಸಂಗೀತ, ಗಾಯನ, ಸಂಭಾಷಣೆ, ವಸ್ತ್ರವಿನ್ಯಾಸ, ನೃತ್ಯ ಸಂಯೋಜನೆ. ಅಮೆರಿಕದಲ್ಲಿ ಸೇನೆಯನ್ನು ಮೆರೆಸುವ ಚಿತ್ರಗಳಿಗೆ ಸಿಗುವ ಪಾಲು ಇಲ್ಲಿ ಸೇನೆಯನ್ನು ಪ್ರಶ್ನಿಸುವ ಚಿತ್ರಕ್ಕೆ ಸಿಕ್ಕಿತು.

ಪ್ರಶ್ನೆ ಕೇಳಿದವರು: ಚಾಮರಾಜಪೇಟೆ ಪ್ರೇಕ್ಷಕ

ಮೂವರಿಗೂ ಕೃತಜ್ಞತೆಗಳು. ಹಾಗಾದರೆ ಇನ್ನೊಂದು ಪ್ರಶ್ನೆ. ಸೇನೆಯ ಚಿತ್ರಗಳನ್ನು ಪರಿಶೀಲಿಸುವಾಗ ಸುಬೇದಾರ ಸಾಹೇಬರಂಥವರೊಬ್ಬರು ಆಯ್ಕೆ ಸಮಿತಿಯಲ್ಲಿದ್ದರೆ ಒಳ್ಳೆಯದಲ್ಲವೇ? ಸೆಲ್ಯೂಟಿನಿಂದ ಹಿಡಿದು ಲೋಂಗೇವಾಲಾದ ಲೆಕ್ಕದವರೆಗೆ ಎಲ್ಲವೂ ಅಲ್ಲಿಯೇ ಇತ್ಯರ್ಥವಾಗುತ್ತದೆ.

ಉತ್ತರ: ಕೊಡಗಿನ ನಿವೃತ್ತ ಸುಬೇದಾರ

ಬೇಡ. ನಮ್ಮನ್ನು ಕೂರಿಸಿದರೆ ಬೆಲ್ಟಿನ ಬಕಲ್ ಸರಿಯಾಗಿರುವ ಚಿತ್ರಕ್ಕೆಲ್ಲ ಪ್ರಶಸ್ತಿ ಕೊಟ್ಟುಬಿಡುತ್ತೇವೆ. ಅಂಥ ತಪ್ಪುಗಳನ್ನು ತಿದ್ದಬೇಕಾದ್ದು ಚಿತ್ರೀಕರಣದ ಸ್ಥಳದಲ್ಲಿ. ಅದಕ್ಕೆ ನಿವೃತ್ತರಿಗೆ ಸಂಬಳ ಕೊಟ್ಟು ಕರೆಸಿಕೊಳ್ಳಲಿ, ನಾವೂ ಸಂತೋಷದಿಂದ ಹೋಗುತ್ತೇವೆ. ಕಥೆ ಚೆನ್ನಾಗಿದೆಯೇ ಎಂದು ಹೇಳಲು ಕಥೆ ಬಲ್ಲವರು ಬೇಕು.

ಕಾನೂನು ಓದುತ್ತಿರುವ ಮಗಳೇ, ನಿನಗೊಂದು ಪ್ರಶ್ನೆ ಕೇಳುತ್ತೇನೆ. ನಮ್ಮ ಜನರಲ್ ತಿಮ್ಮಯ್ಯನವರು 1948ರ ನವೆಂಬರಿನಲ್ಲಿ ಝೋಜಿ ಲಾ ಕಣಿವೆಯ ಹಿಮದ ಎತ್ತರಕ್ಕೆ ಟ್ಯಾಂಕುಗಳನ್ನು ಹತ್ತಿಸಿದ ಕಥೆಯನ್ನು ಯಾರಾದರೂ ಚಿತ್ರ ಮಾಡಿದರೆ ಸೇನೆಯೇ ಮುಂದೆ ನಿಂತು ನೆರವಾಗುತ್ತದೆ, ಅದರಲ್ಲಿ ಸಂಶಯವಿಲ್ಲ. ಆದರೆ ಅದೇ ತಿಮ್ಮಯ್ಯನವರು 1959ರಲ್ಲಿ, ಸೇನಾ ಮುಖ್ಯಸ್ಥರಾಗಿದ್ದಾಗ, ರಕ್ಷಣಾ ಸಚಿವ ಕೃಷ್ಣ ಮೆನನ್ ಅವರೊಂದಿಗಿನ ಭಿನ್ನಾಭಿಪ್ರಾಯದಿಂದ ರಾಜೀನಾಮೆ ಕೊಟ್ಟು, ನೆಹರೂ ಅವರ ಮಾತಿಗೆ ಕಟ್ಟುಬಿದ್ದು ಹಿಂತೆಗೆದುಕೊಂಡದ್ದನ್ನು ಚಿತ್ರ ಮಾಡಿದರೆ ನಿರಾಕ್ಷೇಪಣಾ ಪತ್ರ ಸಿಗುತ್ತದೆಯೇ?

ಉತ್ತರ: ಕಾನೂನು ಓದುತ್ತಿರುವವಳು

ಸಿಗುತ್ತದೆಯೋ ಇಲ್ಲವೋ, ಅರ್ಜಿ ಹಾಕಿದಾಗ ತಿಳಿಯಬೇಕು ಸಾಹೇಬರೇ. ಆದರೆ ಆ ರಾಜೀನಾಮೆಯ ವಿಚಾರವನ್ನು ನೆಹರೂ ಅವರು 1959ರ ಸೆಪ್ಟೆಂಬರಿನ ಆರಂಭದಲ್ಲಿಯೇ ಲೋಕಸಭೆಯಲ್ಲಿ ಮಾತನಾಡಿದ್ದಾರೆ. ಸದನದ ಕಡತದಲ್ಲಿರುವುದನ್ನು ಗುಟ್ಟೆಂದು ಯಾರೂ ವಾದಿಸಲಾರರು. ಮೇಲಾಗಿ ಆ ಕಥೆ ನಡೆಯುವುದು ದೆಹಲಿಯ ಎರಡು ಮೂರು ಕಚೇರಿ ಕೊಠಡಿಗಳಲ್ಲಿ. ಅದಕ್ಕೆ ಟ್ಯಾಂಕ್ ಬೇಡ, ವಿಮಾನ ಬೇಡ, ಸೇನೆಯಿಂದ ಒಬ್ಬ ಸಿಪಾಯಿಯನ್ನೂ ಎರವಲು ಕೇಳಬೇಕಿಲ್ಲ. ನೆರವಿನ ಋಣವಿಲ್ಲದೆ, ಬರೀ ಅನುಮತಿಯೊಂದೇ ಪ್ರಶ್ನೆಯಾಗಿ ಉಳಿಯುವ ಅಂಥ ಚಿತ್ರವನ್ನು ಕನ್ನಡದವರೇ ಮಾಡಬೇಕು.